‘ಯಾರು ಮಾಡಿದ್ದು?’ ಅಂತ ಮೊದಲು ಕೇಳದ ಸಿಸ್ಟರ್

ಮನೆಯವರನ್ನು ಆಸ್ಪತ್ರೆಗೆ ಸೇರಿಸಿದಾಗ ನಾವೆಲ್ಲ ಕೇಳುವ ಮೊದಲ ಪ್ರಶ್ನೆ ‘ಡಾಕ್ಟರ್ ಯಾರು?’ ಎರಡನೆಯದು ‘ಇನ್ಶೂರೆನ್ಸ್ ನಡೆಯುತ್ತಾ?’ ಮೂರನೆಯದು ‘ಕ್ಯಾಂಟೀನ್ ಎಲ್ಲಿದೆ?’ ‘ಈ ವಾರ್ಡಿನ ಇನ್‌ಚಾರ್ಜ್ ಸಿಸ್ಟರ್ ಯಾರು?’ ಅಂತ ಕೇಳಿದವರನ್ನು ನಾನಂತೂ ಇನ್ನೂ ನೋಡಿಲ್ಲ.

ಕೇಳಬೇಕು ಕಣ್ರೀ. ಡಾಕ್ಟರು ರೌಂಡ್ಸ್‌ಗೆ ಬಂದು ಹಾಸಿಗೆ ಪಕ್ಕ ನಿಲ್ಲೋದು ಐದೋ ಹತ್ತೋ ನಿಮಿಷ. ಉಳಿದ ಹೊತ್ತೆಲ್ಲ ನಿಮ್ಮ ಅಪ್ಪನೋ ಅಮ್ಮನೋ ಇರೋದು ನರ್ಸ್‌ಗಳ ಕೈಯಲ್ಲಿ. ಆ ನರ್ಸ್‌ಗಳು ಹೇಗೆ ಕೆಲಸ ಮಾಡ್ತಾರೆ ಅನ್ನೋದು ಬಹುಪಾಲು ಅವರ ಮೇಲಿರುವ ಆ ಒಬ್ಬ ಸಿಸ್ಟರ್‌ ಹೇಗಿದ್ದಾರೆ ಅನ್ನೋದರ ಮೇಲೆ ನಿಂತಿರುತ್ತೆ.

ನನ್ನ ಸೋದರತ್ತೆ ಜಿಲ್ಲಾ ಆಸ್ಪತ್ರೆಯೊಂದರಲ್ಲಿ ಬಹಳ ವರ್ಷ ಸರ್ಜಿಕಲ್ ವಾರ್ಡಿನ ಇನ್‌ಚಾರ್ಜ್ ಆಗಿದ್ದು ನಿವೃತ್ತರಾದವರು. ಅವರ ಕೆಲಸದ ಪಟ್ಟಿ ಕೇಳಿದರೆ ನಮ್ಮ ಆಫೀಸಿನ ಮ್ಯಾನೇಜರ್‌ಗಳು ಸುಮ್ಮನೆ ರಜೆ ಹಾಕಿ ಮನೆಗೆ ಹೋಗ್ತಾರೆ. ಮೂರು ಪಾಳಿಗೂ ಡ್ಯೂಟಿ ಹಂಚಬೇಕು. ಒಬ್ಬಳಿಗೆ ಮಗುವಿನ ಜ್ವರ, ಇನ್ನೊಬ್ಬಳಿಗೆ ಊರಿನ ಜಾತ್ರೆ, ಮತ್ತೊಬ್ಬಳಿಗೆ ಬೆನ್ನುನೋವು. ಯಾರಿಗೆ ರಜೆ ಕೊಟ್ಟರೂ ಯಾರಿಗೋ ಡಬಲ್ ಡ್ಯೂಟಿ. ಆಕ್ಸಿಜನ್ ಎಷ್ಟಿದೆ, ತುರ್ತು ಔಷಧದ ಟ್ರಾಲಿಯಲ್ಲಿ ಏನು ಖಾಲಿಯಾಗಿದೆ, ನೋವಿನ ಇಂಜೆಕ್ಷನ್ ಇಟ್ಟ ಕಪಾಟಿನ ಬೀಗದ ಕೈ ಯಾರ ಹತ್ತಿರ ಇದೆ, ಆಪರೇಷನ್ ಥಿಯೇಟರ್‌ಗೆ ಕಳಿಸಬೇಕಾದವರ ಸಹಿ ಆಗಿದೆಯಾ, ಎಲ್ಲವೂ ಅವರ ತಲೆಯಲ್ಲೇ. ಮೇಲೆ ಡಾಕ್ಟರು, ಕೆಳಗೆ ಹೊಸ ಹುಡುಗಿಯರು, ಎದುರಿಗೆ ಸಿಟ್ಟಾದ ಅಟೆಂಡರ್‌ಗಳು.

ಇಷ್ಟಾದರೂ ಇದನ್ನು ಯಾರೂ ‘ಲೀಡರ್‌ಶಿಪ್’ ಅನ್ನೋದಿಲ್ಲ. ‘ಸಿಸ್ಟರ್ ಸ್ವಲ್ಪ ಸ್ಟ್ರಿಕ್ಟು’ ಅಂತಾರೆ, ಅಷ್ಟೇ.

ಈ ವಾರ ಆ ಕೆಲಸದ ಒಂದೇ ಒಂದು ಭಾಗದ ಬಗ್ಗೆ ಮಾತಾಡೋಣ. ವಾರ್ಡಿನ ಅತ್ಯಂತ ಕಿರಿಯ ನರ್ಸ್‌ಗೆ ‘ಇದು ಯಾಕೋ ಸರಿಯಿಲ್ಲ’ ಅಂತ ಬಾಯಿಬಿಟ್ಟು ಹೇಳೋಕೆ ಆಗುತ್ತಾ? ರೋಗಿ ಉಳಿಯೋದು ಎಷ್ಟೋ ಸಲ ಈ ಪ್ರಶ್ನೆಯ ಉತ್ತರದ ಮೇಲೆ.

22ರಲ್ಲಿ 21 ಮಂದಿ

1966ರಲ್ಲಿ ಅಮೆರಿಕದ ಮನೋವೈದ್ಯ ಚಾರ್ಲ್ಸ್ ಹಾಫ್ಲಿಂಗ್ ಮತ್ತು ಸಂಗಡಿಗರು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ವಾರ್ಡಿನಲ್ಲಿ ಒಬ್ಬರೇ ಡ್ಯೂಟಿಯಲ್ಲಿರುವ ನರ್ಸ್‌ಗೆ ಫೋನ್ ಬರುತ್ತೆ. ಆ ಕಡೆ ಮಾತಾಡುವವನು ತಾನು ಡಾಕ್ಟರ್ ಅಂತಾನೆ. ‘ಇಂಥ ರೋಗಿಗೆ ಆಸ್ಟ್ರೋಟೆನ್ 20 ಮಿಲಿಗ್ರಾಂ ಕೊಟ್ಟುಬಿಡಿ, ನಾನು ಆಮೇಲೆ ಬಂದು ಸಹಿ ಹಾಕ್ತೀನಿ’ ಅಂತಾನೆ. ಕಪಾಟಿನಲ್ಲಿ ಆ ಹೆಸರಿನ ಡಬ್ಬಿ ಇದೆ. ಅದರ ಮೇಲೇ ಬರೆದಿದೆ: ದಿನಕ್ಕೆ ಗರಿಷ್ಠ 10 ಮಿಲಿಗ್ರಾಂ.

ಅಂದರೆ ಹೇಳಿದ ಪ್ರಮಾಣ ಮಿತಿಯ ಎರಡರಷ್ಟು. ಫೋನಿನಲ್ಲಿರುವವನ ಪರಿಚಯವಿಲ್ಲ. ಫೋನಿನಲ್ಲಿ ಹೇಳಿದ ಔಷಧ ಕೊಡಬಾರದು ಅಂತ ಆಸ್ಪತ್ರೆಯ ನಿಯಮವೇ ಇದೆ. ಆದರೂ 22 ನರ್ಸ್‌ಗಳಲ್ಲಿ 21 ಮಂದಿ ಔಷಧ ತೆಗೆದುಕೊಂಡು ರೋಗಿಯ ಕಡೆ ಹೊರಟರು! ನಡುವೆ ಅವರನ್ನು ತಡೆದು ವಿಷಯ ಹೇಳಲಾಯಿತು. ಡಬ್ಬಿಯಲ್ಲಿ ಇದ್ದದ್ದು ಬರೀ ಗ್ಲೂಕೋಸ್, ಹಾಗಾಗಿ ಯಾರಿಗೂ ಏನೂ ಆಗಲಿಲ್ಲ.

ಇನ್ನೂ ಸ್ವಾರಸ್ಯದ ವಿಷಯ ಕೇಳಿ. ಇದೇ ಸನ್ನಿವೇಶವನ್ನು ಕಾಗದದ ಮೇಲೆ ಬರೆದು ಬೇರೆ 12 ನರ್ಸ್‌ಗಳಿಗೆ ಕೊಟ್ಟು ‘ನೀವಾಗಿದ್ದರೆ ಏನು ಮಾಡ್ತಿದ್ರಿ?’ ಅಂತ ಕೇಳಿದರು. 10 ಮಂದಿ ‘ಕೊಡ್ತಾನೇ ಇರಲಿಲ್ಲ’ ಅಂದರು. ನರ್ಸಿಂಗ್ ಓದುತ್ತಿದ್ದ 21 ವಿದ್ಯಾರ್ಥಿನಿಯರನ್ನು ಕೇಳಿದಾಗ ಒಬ್ಬರೂ ಬಿಡದೆ ಅದನ್ನೇ ಹೇಳಿದರು.

ಅಂದರೆ ಏನು ಸರಿ ಅನ್ನೋದು ಎಲ್ಲರಿಗೂ ಗೊತ್ತಿತ್ತು. ಕೂತು ಯೋಚಿಸುವಾಗ ಇದ್ದ ಧೈರ್ಯ, ಕಿವಿಯಲ್ಲಿ ಡಾಕ್ಟರ ಗಡುಸು ದನಿ ಬಿದ್ದಾಗ ಇರಲಿಲ್ಲ. ‘ಡಾಕ್ಟರಿಗೆ ಎದುರು ಮಾತಾಡಿದೆಯಾ?’ ಅಂತ ನಾಳೆ ಬೈಸಿಕೊಳ್ಳೋರು ಯಾರು?

ಪಕ್ಕದವರನ್ನು ಕೇಳಲು ಬಿಟ್ಟಾಗ

ಕಥೆ ಇಲ್ಲಿಗೇ ನಿಂತಿದ್ದರೆ ‘ನರ್ಸ್‌ಗಳಿಗೆ ಧೈರ್ಯ ಸಾಲದು’ ಅಂತ ತೀರ್ಪು ಕೊಟ್ಟು ಎದ್ದುಹೋಗಬಹುದಿತ್ತು. ಆದರೆ 1977ರಲ್ಲಿ ಸ್ಟೀವನ್ ರ್‍ಯಾಂಕ್ ಮತ್ತು ಕಾರ್ಡೆಲ್ ಜೇಕಬ್ಸನ್ ಇಂಥದ್ದೇ ಪ್ರಯೋಗವನ್ನು ಸ್ವಲ್ಪ ಬದಲಿಸಿ ಮಾಡಿದರು. ಈ ಸಲ ಔಷಧ ನರ್ಸ್‌ಗಳಿಗೆ ಚೆನ್ನಾಗಿ ಗೊತ್ತಿದ್ದ ವ್ಯಾಲಿಯಂ. ಜೊತೆಗೆ ಅಕ್ಕಪಕ್ಕದ ಸಹೋದ್ಯೋಗಿಗಳನ್ನು ಕೇಳಲು ಅವಕಾಶ ಇತ್ತು. ಹೇಳಿದ ಪ್ರಮಾಣ ಮಾತ್ರ ಹಿಂದಿನಂತೆಯೇ ಅತಿಯಾದದ್ದು.

ಫಲಿತಾಂಶ? 18 ಮಂದಿಯಲ್ಲಿ ಹಾಗೇ ಕೊಡಲು ಹೊರಟವರು ಇಬ್ಬರೇ.

ಎರಡು ಪ್ರಯೋಗಗಳ ನಡುವೆ ಹತ್ತಕ್ಕೂ ಹೆಚ್ಚು ವರ್ಷ ಕಳೆದಿತ್ತು, ಕಾಲವೂ ಬದಲಾಗಿತ್ತು, ಒಪ್ಪೋಣ. ಆದರೂ ಹಾಫ್ಲಿಂಗ್ ಪ್ರಯೋಗದ ನರ್ಸ್‌ಗಳಿಗೆ ಔಷಧವೂ ಗೊತ್ತಿರಲಿಲ್ಲ, ಕೇಳಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಇಲ್ಲಿ ಎರಡೂ ಇತ್ತು. ಧೈರ್ಯ ಅನ್ನೋದು ಹುಟ್ಟುಗುಣ ಅಂತ ನಾವು ಅಂದುಕೊಂಡಿರ್ತೀವಿ. ಅದರಲ್ಲಿ ದೊಡ್ಡ ಪಾಲು ವ್ಯವಸ್ಥೆಯಿಂದ ಬರುತ್ತೆ. ಆ ವ್ಯವಸ್ಥೆ ಮಾಡಿಕೊಡೋದೇ ಇನ್‌ಚಾರ್ಜ್ ಸಿಸ್ಟರ್ ಕೆಲಸ. ಹೊಸಬಳನ್ನು ರಾತ್ರಿ ಪಾಳಿಗೆ ಹಾಕುವಾಗ ಜೊತೆಗೆ ಅನುಭವಸ್ಥೆ ಒಬ್ಬರನ್ನು ಹಾಕುವುದು, ‘ಅನುಮಾನ ಬಂದರೆ ಎಷ್ಟು ಹೊತ್ತಾಗಿದ್ದರೂ ನನಗೆ ಫೋನ್ ಮಾಡಮ್ಮ’ ಅಂತ ಹೇಳಿ, ನಿಜವಾಗಿಯೂ ಫೋನ್ ಬಂದಾಗ ಗೊಣಗದೆ ಎತ್ತುವುದು. ಡ್ಯೂಟಿ ಚೀಟಿಯಲ್ಲಿ ಎರಡು ಹೆಸರು ಅಕ್ಕಪಕ್ಕ ಬರೆಯೋದರಲ್ಲಿ ಒಂದು ಜೀವ ಉಳಿಯಬಹುದು.

ತಪ್ಪು ಹೆಚ್ಚಿದ್ದ ವಾರ್ಡೇ ಒಳ್ಳೆಯದು!

ಇನ್ನೊಂದು ಸಂಶೋಧನೆ. ಆಮಿ ಎಡ್ಮಂಡ್‌ಸನ್ ಹಾರ್ವರ್ಡ್‌ನಲ್ಲಿ ಪಿಎಚ್‌.ಡಿ. ಮಾಡುತ್ತಿದ್ದಾಗ ಎರಡು ಆಸ್ಪತ್ರೆಗಳ ಎಂಟು ನರ್ಸಿಂಗ್ ಘಟಕಗಳಲ್ಲಿ ಔಷಧ ಕೊಡುವಾಗಿನ ತಪ್ಪುಗಳ ಬಗ್ಗೆ ಅಧ್ಯಯನ ಮಾಡಿದರು. 1996ರಲ್ಲಿ ಅದು ಪ್ರಕಟವಾಯಿತು. ಒಗ್ಗಟ್ಟಿರುವ, ಒಳ್ಳೆಯ ಮುಖ್ಯಸ್ಥೆ ಇರುವ ತಂಡದಲ್ಲಿ ತಪ್ಪು ಕಡಿಮೆ ಇರಬೇಕು ಅನ್ನೋದು ಅವರ ನಿರೀಕ್ಷೆ. ಲೆಕ್ಕ ನೋಡಿದರೆ ಉಲ್ಟಾ! ಒಳ್ಳೆಯ ತಂಡಗಳಲ್ಲೇ ತಪ್ಪಿನ ಸಂಖ್ಯೆ ಹೆಚ್ಚು.

ತಲೆ ಕೆಡೋ ವಿಷಯ ಅಲ್ವಾ? ಅವರು ಇನ್ನೊಬ್ಬ ಸಂಶೋಧಕರನ್ನು, ಯಾವ ವಾರ್ಡಿನಲ್ಲಿ ಎಷ್ಟು ತಪ್ಪು ಅನ್ನೋದನ್ನು ಹೇಳದೆಯೇ, ವಾರ್ಡುಗಳನ್ನು ಗಮನಿಸಲು ಕಳಿಸಿದರು. ಆಗ ಗುಟ್ಟು ಗೊತ್ತಾಯಿತು. ಒಳ್ಳೆಯ ವಾರ್ಡುಗಳಲ್ಲಿ ನರ್ಸ್‌ಗಳು ತಪ್ಪಾದ ಕೂಡಲೇ ಮುಚ್ಚಿಡದೆ ಹೇಳುತ್ತಿದ್ದರು. ಬೈಗುಳದ ವಾರ್ಡುಗಳಲ್ಲಿ ತಪ್ಪುಗಳು ನಡೆದರೂ ರಿಜಿಸ್ಟರಿಗೆ ಬರುತ್ತಿರಲಿಲ್ಲ.

ಈಗ ಯೋಚಿಸಿ. ‘ನಮ್ಮ ವಾರ್ಡಿನಲ್ಲಿ ಈ ವರ್ಷ ಒಂದೂ ತಪ್ಪಿಲ್ಲ’ ಅಂತ ಬರೆದಿರುವ ಬೋರ್ಡ್ ನೋಡಿದಾಗ ಸಮಾಧಾನ ಪಡಬೇಕಾ, ಗಾಬರಿ ಆಗಬೇಕಾ?

ಅತ್ತೆಯ ಮೂರು ಪ್ರಶ್ನೆ

ಸೋದರತ್ತೆಗೆ ಈ ಸಂಶೋಧನೆಗಳ ಹೆಸರೂ ಗೊತ್ತಿಲ್ಲ. ಆದರೆ ಅವರಿಗೆ ಒಂದು ಪದ್ಧತಿ ಇತ್ತು. ಯಾವ ಹುಡುಗಿ ಬಂದು ‘ಮೇಡಂ, ಒಂದು ತಪ್ಪಾಗಿದೆ’ ಅಂದರೂ ಅವರ ಬಾಯಿಂದ ಬರುತ್ತಿದ್ದ ಮೊದಲ ಮಾತು ‘ಪೇಷಂಟ್ ಹೇಗಿದ್ದಾರೆ?’ ಎರಡನೆಯದು ‘ಡಾಕ್ಟರಿಗೆ ಹೇಳಿದ್ಯಾ?’ ಆ ಎರಡು ಕೆಲಸ ಮುಗಿದ ಮೇಲೆ ಕೂರಿಸಿಕೊಂಡು ‘ಹೇಗಾಯ್ತು ಹೇಳು’ ಅನ್ನುತ್ತಿದ್ದರು. ‘ಯಾರು ಮಾಡಿದ್ದು?’ ಅನ್ನೋ ಪ್ರಶ್ನೆ ಬರುವ ಹೊತ್ತಿಗೆ ಉತ್ತರ ಆಗಲೇ ಸಿಕ್ಕಿರುತ್ತಿತ್ತು, ಯಾಕೆಂದರೆ ಮಾಡಿದವಳೇ ಎದುರಿಗೆ ಕೂತಿರುತ್ತಿದ್ದಳು.

‘ಮೊದಲೇ ಯಾರು ಅಂತ ಕೇಳಿದರೆ ಏನಾಗುತ್ತೆ ಗೊತ್ತಾ? ಆ ಕ್ಷಣದಿಂದ ಅವಳು ತನ್ನನ್ನು ಉಳಿಸಿಕೊಳ್ಳೋ ಯೋಚನೆ ಮಾಡ್ತಾಳೆ, ಪೇಷಂಟನ್ನ ಮರೀತಾಳೆ’ ಅಂತ ಅವರು ಹೇಳೋದು. ತಪ್ಪು ಇಂಜೆಕ್ಷನ್ ಹೋದ ಮೊದಲ ಹತ್ತು ನಿಮಿಷ ರೋಗಿಗೆ ಬೇಕಾದದ್ದು. ಅದನ್ನು ಬೈಗುಳದಲ್ಲಿ, ಅಳುವಿನಲ್ಲಿ, ಸುಳ್ಳಿನಲ್ಲಿ ಕಳೆದರೆ ಮತ್ತೆ ಸಿಗೋದಿಲ್ಲ.

‘ಹೇಗಾಯ್ತು’ ಅಂತ ಕೇಳಿದಾಗ ಸಿಗುವ ಉತ್ತರಗಳೂ ಬೇರೆ. ಎರಡು ಔಷಧದ ಪುಟ್ಟ ಬಾಟಲಿಗಳು ಒಂದೇ ಬಣ್ಣ, ಒಂದೇ ಅಳತೆ, ಒಂದೇ ಟ್ರೇನಲ್ಲಿ ಪಕ್ಕಪಕ್ಕ. ಒಂದೇ ಹೆಸರಿನ ಇಬ್ಬರು ರೋಗಿಗಳು ಅಕ್ಕಪಕ್ಕದ ಹಾಸಿಗೆಯಲ್ಲಿ. ಔಷಧ ತುಂಬುತ್ತಿರುವಾಗಲೇ ನಾಲ್ಕು ಜನ ‘ಸಿಸ್ಟರ್, ಡ್ರಿಪ್ ಮುಗೀತು’ ಅಂತ ಕರೆದದ್ದು. ಹುಡುಗಿಯನ್ನು ಬೈದು ಕಳಿಸಿದರೆ ಬಾಟಲಿಗಳು ಅಲ್ಲೇ ಇರುತ್ತವೆ, ಮುಂದಿನ ವಾರ ಇನ್ನೊಬ್ಬಳು ಅದೇ ತಪ್ಪು ಮಾಡ್ತಾಳೆ.

ಹಾಗಂತ ಎಲ್ಲದಕ್ಕೂ ಕ್ಷಮೆ ಅಂತಲ್ಲ. ಔಷಧ ಕೊಡದೆಯೇ ‘ಕೊಟ್ಟಿದೆ’ ಅಂತ ಚಾರ್ಟಿನಲ್ಲಿ ಬರೆದವಳನ್ನು ಅತ್ತೆ ಬಿಟ್ಟಿದ್ದಿಲ್ಲ. ತಪ್ಪು ಬೇರೆ, ಮೋಸ ಬೇರೆ. ಎರಡನ್ನೂ ಒಂದೇ ಕೋಲಿನಿಂದ ಹೊಡೆದರೆ ಜನ ತಪ್ಪನ್ನೂ ಮೋಸದಂತೆ ಬಚ್ಚಿಡೋಕೆ ಕಲೀತಾರೆ.

ಮಾತಾಡೋಕೂ ಒಂದು ದಾರಿ ಬೇಕು

‘ಧೈರ್ಯವಾಗಿ ಹೇಳಿ’ ಅಂತ ಉಪದೇಶ ಮಾಡಿದರೆ ಸಾಲದು. ಹೇಗೆ ಹೇಳಬೇಕು ಅನ್ನೋದನ್ನೂ ಕಲಿಸಬೇಕು. ರಾತ್ರಿ ಎರಡು ಗಂಟೆಗೆ ಹೊಸ ನರ್ಸ್ ಡಾಕ್ಟರಿಗೆ ಫೋನ್ ಮಾಡಿ ‘ಸರ್, ಪೇಷಂಟ್ ಯಾಕೋ ಸ್ವಲ್ಪ ಡಲ್ ಇದ್ದಾರೆ’ ಅಂದರೆ ಆ ಕಡೆಯಿಂದ ‘ಬೆಳಿಗ್ಗೆ ನೋಡೋಣಮ್ಮ’ ಅನ್ನೋ ಉತ್ತರವೇ ಬರೋದು.

ಅದೇ ಮಾತನ್ನು ಹೀಗೆ ಹೇಳಿದರೆ? ‘ಸರ್, 12ನೇ ಬೆಡ್. ಪಲ್ಸ್ 124, ಬಿ.ಪಿ. 90/60 ಆಗಿದೆ. ನಿನ್ನೆ ಗರ್ಭಕೋಶದ ಆಪರೇಷನ್ ಆದವರು, ಸಂಜೆವರೆಗೂ ಬಿ.ಪಿ. ಸರಿ ಇತ್ತು. ಒಳಗೆ ರಕ್ತಸ್ರಾವ ಆಗ್ತಿರಬಹುದು ಅನ್ನಿಸ್ತಿದೆ. ನೀವು ಈಗಲೇ ಬಂದು ನೋಡಬೇಕು.’ ಈ ಫೋನ್ ಇಟ್ಟು ಮತ್ತೆ ಮಲಗೋ ಡಾಕ್ಟರ್ ಇರಲಿಕ್ಕಿಲ್ಲ.

ಇದಕ್ಕೆ ಎಸ್‌ಬಿಎಆರ್ ಅಂತ ಹೆಸರು. ಈಗ ಏನಾಗ್ತಿದೆ, ಹಿನ್ನೆಲೆ ಏನು, ನನಗೆ ಏನನ್ನಿಸ್ತಿದೆ, ನೀವು ಏನು ಮಾಡಬೇಕು. ಇದೇ ಕ್ರಮದಲ್ಲಿ ನಾಲ್ಕು ಮಾತು. ಅಮೆರಿಕದ ನೌಕಾಪಡೆಯ ಜಲಾಂತರ್ಗಾಮಿಗಳಲ್ಲಿ ಬಳಸುತ್ತಿದ್ದ ಪದ್ಧತಿ, ಅಲ್ಲಿಂದ ಆಸ್ಪತ್ರೆಗಳಿಗೆ ಬಂತು. ಇದರಲ್ಲಿ ಮೂರನೇ ಮಾತನ್ನು ಗಮನಿಸಿ: ‘ನನಗೆ ಏನನ್ನಿಸ್ತಿದೆ’. ಇಪ್ಪತ್ತೆರಡು ವರ್ಷದ ನರ್ಸ್‌ಗೂ ಒಂದು ಅಭಿಪ್ರಾಯ ಇರಬಹುದು, ಅದನ್ನು ಹೇಳೋದು ಅವಳ ಕರ್ತವ್ಯ ಅಂತ ಪದ್ಧತಿಯೇ ಹೇಳುತ್ತೆ. ‘ಅಧಿಕಪ್ರಸಂಗ’ ಅನ್ನೋ ಮಾತಿಗೆ ಜಾಗವೇ ಇರೋದಿಲ್ಲ.

ಇಂಥ ಇನ್ನೂ ಕೆಲವು ರೂಢಿಗಳಿವೆ. ಫೋನಿನಲ್ಲಿ ಔಷಧ ಹೇಳಿದರೆ ಬರೆದುಕೊಂಡು, ಬರೆದದ್ದನ್ನು ತಿರುಗಿ ಓದಿ ಹೇಳಿ, ‘ಸರಿ’ ಅನ್ನಿಸಿಕೊಳ್ಳೋದು. ಇನ್ಸುಲಿನ್, ಹೆಪಾರಿನ್, ಪೊಟ್ಯಾಸಿಯಂ ಕ್ಲೋರೈಡ್‌ನಂಥ ಅಪಾಯದ ಔಷಧಗಳನ್ನು ಇಬ್ಬರು ನರ್ಸ್‌ಗಳು ಬೇರೆಬೇರೆಯಾಗಿ ನೋಡಿ ಖಚಿತ ಮಾಡೋದು. ಪಾಳಿ ಬದಲಾಗುವಾಗ ಡೆಸ್ಕಿನಲ್ಲಿ ಕೂತು ಪುಸ್ತಕ ಓದಿ ಮುಗಿಸದೆ, ಒಂದೊಂದೇ ಹಾಸಿಗೆ ಪಕ್ಕ ನಿಂತು ಹ್ಯಾಂಡ್‌ಓವರ್ ಕೊಡೋದು.

1859ರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಬರೆದ ‘ನೋಟ್ಸ್ ಆನ್ ನರ್ಸಿಂಗ್’ ಪುಸ್ತಕದಲ್ಲಿ ಸಣ್ಣಪುಟ್ಟ ಉಸ್ತುವಾರಿಗೇ ಒಂದು ಅಧ್ಯಾಯ ಇದೆ. ನೀನು ಇದ್ದಾಗ ಆಗುವ ಕೆಲಸ ನೀನಿಲ್ಲದಾಗಲೂ ಆಗುವ ಹಾಗೆ ಏರ್ಪಾಡು ಮಾಡಿದೆಯಾ ಅನ್ನೋದು ಅದರ ತಿರುಳು. 1854ರಲ್ಲಿ 38 ನರ್ಸ್‌ಗಳ ತಂಡ ಕಟ್ಟಿಕೊಂಡು ಕ್ರಿಮಿಯಾ ಯುದ್ಧದ ಗಾಯಾಳುಗಳಿಗಾಗಿ ಸ್ಕುಟಾರಿಯ ಆಸ್ಪತ್ರೆಗೆ ಹೋದವರು ಅವರು. ದೀಪ ಹಿಡಿದ ಮಹಿಳೆ ಅಂತ ನಾವು ಶಾಲೆಯಲ್ಲಿ ಓದಿದ್ದೀವಿ. ದೀಪದ ಹಿಂದೆ ರಿಜಿಸ್ಟರು, ಲೆಕ್ಕ, ಪಾಳಿ ಎಲ್ಲ ಇತ್ತು ಅನ್ನೋದನ್ನು ಪಾಠದಲ್ಲಿ ಹೇಳಲಿಲ್ಲ.

ಆದರೆ ತಲೆಗಳ ಲೆಕ್ಕ ಮುಖ್ಯ

ಎಷ್ಟೇ ಒಳ್ಳೆಯ ಇನ್‌ಚಾರ್ಜ್ ಇದ್ದರೂ, ಕೈಗಳೇ ಇಲ್ಲದಿದ್ದರೆ? ಇಬ್ಬರು ಸೇರಿ ಔಷಧ ಪರೀಕ್ಷಿಸಬೇಕು ಅಂತ ನಿಯಮ ಮಾಡಿದಿರಿ, ರಾತ್ರಿ ಇಡೀ ವಾರ್ಡಿಗೆ ಒಬ್ಬರೇ ಇದ್ದರೆ ಎರಡನೆಯವರನ್ನು ಎಲ್ಲಿಂದ ತರೋದು? ಆಗ ನಾವು ಮತ್ತೆ 1966ರ ಆ ಒಂಟಿ ನರ್ಸ್ ಹತ್ತಿರವೇ ಹೋದ ಹಾಗಾಯ್ತು.

2002ರಲ್ಲಿ ಲಿಂಡಾ ಏಕನ್ ಮತ್ತು ತಂಡ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ 168 ಆಸ್ಪತ್ರೆಗಳ, ಶಸ್ತ್ರಚಿಕಿತ್ಸೆಯಾದ 2 ಲಕ್ಷ 30 ಸಾವಿರಕ್ಕೂ ಹೆಚ್ಚು ರೋಗಿಗಳ ಮಾಹಿತಿ ನೋಡಿದರು. ಒಬ್ಬ ನರ್ಸ್ ನೋಡಿಕೊಳ್ಳುವ ರೋಗಿಗಳ ಸಂಖ್ಯೆ ಒಂದು ಹೆಚ್ಚಾದಂತೆಲ್ಲ, 30 ದಿನದೊಳಗೆ ರೋಗಿ ಸಾಯುವ ಸಂಭವ ಶೇ 7ರಷ್ಟು ಹೆಚ್ಚಿತ್ತು. ಒಬ್ಬ ನರ್ಸ್‌ಗೆ ಎಷ್ಟು ರೋಗಿ ಅನ್ನೋದಕ್ಕೆ ಕ್ಯಾಲಿಫೋರ್ನಿಯಾ 1999ರಲ್ಲೇ ಕಾನೂನು ಮಾಡಿತ್ತು, 2004ರಿಂದ ಅದು ಜಾರಿಗೆ ಬಂತು.

ನಮ್ಮಲ್ಲಿ ರಾತ್ರಿ ಪಾಳಿ ಹೇಗಿರುತ್ತೆ ಅಂತ ಅಮ್ಮನ ಹಾಸಿಗೆ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ರಾತ್ರಿ ಕಳೆದವರಿಗೆಲ್ಲ ಗೊತ್ತು. ಇದನ್ನು ಸರಿಮಾಡೋದು ಇನ್‌ಚಾರ್ಜ್ ಸಿಸ್ಟರ್ ಕೈಯಲ್ಲಿಲ್ಲ. ನೇಮಕಾತಿ ಮಾಡೋರು ಸರ್ಕಾರ, ಆಡಳಿತ ಮಂಡಳಿ. ಆದರೆ ‘ಈ ಪಾಳಿಗೆ ಇಷ್ಟು ಜನ ಸಾಲೋದಿಲ್ಲ’ ಅಂತ ಮೇಲಿನವರಿಗೆ ಬರವಣಿಗೆಯಲ್ಲಿ ತಿಳಿಸೋದು ಅವರ ಕೈಯಲ್ಲಿದೆ. ಕೆಳಗಿನವರ ಮಾತು ಕೇಳೋದು ನಾಯಕತ್ವದ ಅರ್ಧ. ಆ ಮಾತನ್ನು ಮೇಲಿನವರ ಕಿವಿಗೆ ಮುಟ್ಟಿಸೋದು ಉಳಿದರ್ಧ. ಎರಡನೆಯದು ಕಷ್ಟ, ಯಾಕೆಂದರೆ ಅಲ್ಲಿ ಇನ್‌ಚಾರ್ಜ್ ಸಿಸ್ಟರೇ ಕಿರಿಯರು.

ನಮಗೇನು?

‘ನಾನು ನರ್ಸ್ ಅಲ್ಲ, ಇದೆಲ್ಲ ನನಗ್ಯಾಕೆ?’ ಅಂತೀರಾ? ಎರಡು ಕಾರಣ.

ಒಂದು, ನಿಮ್ಮ ಆಫೀಸು. ಪ್ರಾಜೆಕ್ಟ್ ತಡವಾಗುತ್ತೆ ಅಂತ ತಂಡದಲ್ಲಿ ಎಲ್ಲರಿಗೂ ಗೊತ್ತಿರುತ್ತೆ, ಮೀಟಿಂಗ್‌ನಲ್ಲಿ ಮಾತ್ರ ಎಲ್ಲವೂ ‘ಆನ್ ಟ್ರ್ಯಾಕ್’. ನೀವು ಈಗಷ್ಟೇ ಟೀಮ್ ಲೀಡ್ ಆಗಿದ್ದರೆ, ಯಾರಾದರೂ ಕೆಟ್ಟ ಸುದ್ದಿ ತಂದಾಗ ನಿಮ್ಮ ಬಾಯಿಂದ ಬರುವ ಮೊದಲ ವಾಕ್ಯ ಯಾವುದು ಅಂತ ಈ ವಾರ ಗಮನಿಸಿ. ತಂಡದವರು ಅದನ್ನು ಆಗಲೇ ಗಮನಿಸಿಕೊಂಡಿದ್ದಾರೆ. ಮುಂದಿನ ಸಲ ನಿಮಗೆ ಸುದ್ದಿ ಹೇಳಬೇಕಾ ಬೇಡವಾ ಅನ್ನೋದು ಅವರಲ್ಲಿ ಆಗಲೇ ತೀರ್ಮಾನ ಆಗಿರುತ್ತೆ.

ಎರಡು, ನೀವು ಅಟೆಂಡರ್ ಆಗಿ ಆಸ್ಪತ್ರೆಯಲ್ಲಿ ನಿಂತಾಗ. ವಾರ್ಡಿನಲ್ಲಿ ಹೆದರಿಕೆ ಹುಟ್ಟಿಸೋದು ಡಾಕ್ಟರು, ಇನ್‌ಚಾರ್ಜ್ ಮಾತ್ರ ಅಲ್ಲ, ನಾವೂ ಹುಟ್ಟಿಸ್ತೀವಿ. ಬೆರಳು ತೋರಿಸಿ ಕೂಗಾಡಿ, ಮೊಬೈಲ್‌ನಲ್ಲಿ ವಿಡಿಯೊ ಮಾಡಿ ಹೆದರಿಸಿದ ಅಟೆಂಡರ್ ಮುಂದೆ ಯಾವ ನರ್ಸ್ ತಾನೇ ಬಾಯಿಬಿಟ್ಟು ‘ಒಂದು ಡೋಸ್ ತಡವಾಯ್ತು’ ಅಂತ ಹೇಳ್ತಾಳೆ? ಆಸ್ಪತ್ರೆ ಸಿಬ್ಬಂದಿಯ ಮೇಲಿನ ಹಲ್ಲೆ ತಡೆಯೋಕೆ ಕರ್ನಾಟಕದಲ್ಲಿ 2009ರಲ್ಲೇ ಕಾನೂನು ಬಂದಿದೆ, ನರ್ಸ್‌ಗಳೂ ಅದರಡಿ ಬರ್ತಾರೆ. ಆದರೆ ಕಾನೂನಿನ ತನಕ ಹೋಗದ ಒರಟುತನ ದಿನವೂ ನಡೆಯುತ್ತೆ.

ಪ್ರಶ್ನೆ ಕೇಳಬೇಡಿ ಅಂತಲ್ಲ. ಖಂಡಿತ ಕೇಳಿ. ‘ಸಿಸ್ಟರ್, ಇದು ಯಾವ ಇಂಜೆಕ್ಷನ್? ಅಪ್ಪನಿಗೆ ಪೆನಿಸಿಲಿನ್ ಅಲರ್ಜಿ ಇದೆ, ಚಾರ್ಟಿನಲ್ಲಿ ಬರೆದಿದ್ದೀರಾ?’ ಅಂತ ಮೆಲ್ಲಗೆ ಕೇಳಿ. ಅವರು ‘ಇರಿ, ಒಂದ್ಸಲ ನೋಡಿ ಬರ್ತೀನಿ’ ಅಂತ ವಾಪಸ್ ಹೋದರೆ ಸಿಡುಕಬೇಡಿ, ಆ ಎರಡು ನಿಮಿಷ ನಿಮ್ಮಪ್ಪನಿಗಾಗಿಯೇ. ಒಬ್ಬ ನರ್ಸ್ ಇನ್ನೊಬ್ಬಳನ್ನು ಕರೆದು ‘ಇದನ್ನೊಂದು ನೋಡೇ’ ಅನ್ನೋದು ಕಿವಿಗೆ ಬಿದ್ದರೆ ‘ಇವಳಿಗೆ ಕೆಲಸವೇ ಬರಲ್ಲ’ ಅಂದುಕೊಳ್ಳಬೇಡಿ. ಆ ವಾರ್ಡಿನಲ್ಲಿ ಕೇಳೋಕೆ ಯಾರೂ ಹೆದರೋದಿಲ್ಲ ಅಂತ ಅರ್ಥ.

ಡಿಸ್ಚಾರ್ಜ್ ದಿನ ಡಾಕ್ಟರಿಗೆ ಹೇಗೂ ಕೈ ಮುಗಿದು ಥ್ಯಾಂಕ್ಸ್ ಹೇಳ್ತೀರಿ. ಹಾಗೇ ನರ್ಸ್‌ಗಳ ಡೆಸ್ಕಿಗೆ ಹೋಗಿ ‘ಇಲ್ಲಿ ಇನ್‌ಚಾರ್ಜ್ ಯಾರು?’ ಅಂತ ಕೇಳಿ. ದೂರು ಹೇಳೋಕೆ ಬಂದಿದ್ದೀರಿ ಅಂತ ಅವರು ಮೊದಲು ಗಾಬರಿಯಾಗಬಹುದು. ಸ್ವಲ್ಪ ನಕ್ಕು, ಆಮೇಲೆ ಮಾತಾಡಿ.